ಮೈ ಸುಲಿದ ಹೈಬ್ರಿಡ್ಡೋ, ಫಳಫಳ ಹೊಳೆಯೋ ಹೈಬ್ರಿಡ್ಡೋ? ಎರಡರಲ್ಲಿ ಒಂದು ಆರಿಸಿಕೊಡಿ

ಎರಡು_ಮನಸ್ಸು

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಹುಡುಕಿ ಹುಡುಕಿ ಕೊನೆಗೆ ಎರಡು ಗಾಡಿಗೆ ಬಂದು ನಿಂತಿದ್ದೇನೆ. ಎರಡೂ ಒಂದೇ ಕಂಪನಿ, ಒಂದೇ ಮಾದರಿ. ಹೆಸರು ಬೇಕೆಂದೇ ಬರೀತಿಲ್ಲ, ಬರೆದ ಕೂಡಲೇ ಚರ್ಚೆ ಕಂಪನಿ ಜಗಳಕ್ಕೆ ತಿರುಗುತ್ತೆ. ಪೆಟ್ರೋಲ್ ಎಂಜಿನ್, ಎರಡು ಮೋಟರ್, ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಅಂದರೆ ಸಾಕಲ್ಲ.

ಮೊದಲನೆಯದು: 12 ವರ್ಷ ಹಳೆಯದು, 2,10,000 ಕಿ.ಮೀ. ಓಡಿದೆ. ನೋಡೋಕೆ ದರಿದ್ರ. ಛಾವಣಿ ಮೇಲೂ ಬಾನೆಟ್ ಮೇಲೂ ಪೇಂಟಿನ ಮೇಲ್ಪದರ ಬಿಸಿಲಿಗೆ ಬೆನ್ನು ಸುಲಿದ ಹಾಗೆ ಎದ್ದು ಬಂದಿದೆ. ಎಡಗಡೆ ಹಿಂದಿನ ಬಾಗಿಲಿನಲ್ಲಿ ಮುಷ್ಟಿಯಷ್ಟು ದೊಡ್ಡ ಡೆಂಟ್. ಮುಂದಿನ ಬಂಪರ್ ಮೂಲೆಯ ಕ್ಲಿಪ್ ಮುರಿದು ಕೇಬಲ್ ಟೈನಲ್ಲಿ ಬಿಗಿದಿದ್ದಾರೆ. ಡ್ರೈವರ್ ಸೀಟಿನ ಅಂಚು ಹರಿದು ಹೊಲಿದದ್ದು. ಆದರೆ ಒಬ್ಬರೇ ಮಾಲೀಕರು, ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಮೊದಲ ಸರ್ವೀಸಿನಿಂದ ಹಿಡಿದು ಎಲ್ಲ ಬಿಲ್ಲೂ ಇದೆ.

ಎರಡನೆಯದು: 10 ವರ್ಷ, ಮೀಟರ್ ಪ್ರಕಾರ 88,000. ಹೊರಗೆ ಒಂದು ಗೀರಿಲ್ಲ. ಒಳಗೆ ಸೆಂಟಿನ ವಾಸನೆ. ಬಿಲ್ ಕೇಳಿದರೆ "ಮಾಲೀಕರು ಹೊರದೇಶದಲ್ಲಿದ್ದರು, ಗಾಡಿ ನಿಂತೇ ಇತ್ತು, ಖರ್ಚೇ ಬಂದಿಲ್ಲ" ಅನ್ನೋ ಉತ್ತರ.

ಬೆಲೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಮನೆಯವಳಿಗೆ ಹೊಳೆಯೋದು ಇಷ್ಟವಾಗಿದೆ. ನನಗೆ ಫೋಲ್ಡರ್ ಇಷ್ಟವಾಗಿದೆ. ನೀವಾದರೆ ಏನು ಮಾಡ್ತಿದ್ರಿ?

ಅನುಮಾನ_ಪಕ್ಷಿ

ಎರಡನ್ನೂ ಬಿಡ್ತಿದ್ದೆ. ಹತ್ತು ವರ್ಷದ ಹೈಬ್ರಿಡ್ ಅಂದರೆ ಹತ್ತು ವರ್ಷದ ಬ್ಯಾಟರಿ. ಉಳಿದದ್ದೆಲ್ಲ ಮಾತು.

ಗ್ರೀಸ್_ಕೈ

ಸರ್, ಪಕ್ಷಿಯವರ ಮಾತಿಗೆ ಹೆದರಬೇಡಿ, ಪೂರ್ತಿ ತಳ್ಳಿಹಾಕಲೂ ಬೇಡಿ. ನಾನು ಗ್ಯಾರೇಜಲ್ಲೇ ಇರೋನು, ದಿನಾ ಇದೇ ನೋಡೋದು.

ಮೊದಲು ಒಂದು ಸಮಾಧಾನದ ವಿಷಯ. ನೀವು ಹೇಳಿದ ಥರದ ಗಾಡಿಯಲ್ಲಿ ಕ್ಲಚ್ ಪ್ಲೇಟ್ ಇಲ್ಲ, ಸೆಲ್ಫ್ ಸ್ಟಾರ್ಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಗೇರ್‌ಬಾಕ್ಸ್ ಅನ್ನೋದು ಒಂದು ಪ್ಲಾನೆಟರಿ ಗೇರ್ ಸೆಟ್ಟು (ನಡುವಿನ ಗೇರ್ ಸುತ್ತ ಸಣ್ಣ ಗೇರ್‌ಗಳು ತಿರುಗೋದು), ಎರಡು ಮೋಟರ್, ಅಷ್ಟೇ. ಸಿವಿಟಿ (ಮೆಟ್ಟಿಲು ಮೆಟ್ಟಿಲಾಗಿ ಗೇರ್ ಬದಲಿಸದ ಗೇರ್‌ಬಾಕ್ಸ್) ಅಂತ ಹೆಸರಿದ್ದರೂ ಒಳಗೆ ಬೆಲ್ಟ್ ಇಲ್ಲ, ಹಾಗಾಗಿ ಸವೆಯೋದು ಕಮ್ಮಿ. ಬ್ರೇಕ್ ಪ್ಯಾಡೂ ಬಹಳ ದಿನ ಬರುತ್ತೆ, ಯಾಕಂದ್ರೆ ವೇಗ ತಗ್ಗಿಸೋ ಕೆಲಸದಲ್ಲಿ ಬಹುಪಾಲು ಮೋಟರ್ರೇ ಮಾಡುತ್ತೆ. ಅಲ್ಲೇ ಇನ್ನೊಂದು ತೊಂದರೆ ಹುಟ್ಟುತ್ತೆ. ಪ್ಯಾಡ್ ಮುಟ್ಟದೆ ಮುಟ್ಟದೆ ಡಿಸ್ಕ್ ತುಕ್ಕು ಹಿಡಿಯುತ್ತೆ, ಕ್ಯಾಲಿಪರ್ ಪಿನ್ನು ಜಾಮ್ ಆಗುತ್ತೆ. ನಿಂತೇ ಇತ್ತು ಅಂತಾರಲ್ಲ, ಆ ಗಾಡಿಯಲ್ಲಿ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ಡಿಸ್ಕ್ ನೋಡಿ.

ಆಮೇಲೆ ಮುಖ್ಯವಾದ್ದು: ಬೆಳಿಗ್ಗೆ ಹೋಗಿ. ಮಾರೋವ್ರಿಗೆ ಹಿಂದಿನ ರಾತ್ರಿನೇ ಫೋನ್ ಮಾಡಿ "ನಾನು ಬರೋತನಕ ಗಾಡಿ ಆನ್ ಮಾಡ್ಬೇಡಿ" ಅನ್ನಿ. ಹೋದವರು ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ಏನೋ ಮುಚ್ಚಿಡ್ತಿದ್ದಾರೆ ಅಂತಲೇ ಲೆಕ್ಕ. ತಣ್ಣಗಿದ್ರೆ ಕೂಲಂಟ್ ಡಬ್ಬ ನೋಡಿ. ಎರಡು ಡಬ್ಬ ಇರುತ್ತೆ, ಒಂದು ಎಂಜಿನ್ನಿಗೆ, ಇನ್ನೊಂದು ಇನ್ವರ್ಟರ್ಗೆ, ಅಂದ್ರೆ ಬ್ಯಾಟರಿ ಕರೆಂಟನ್ನ ಮೋಟರಿಗೆ ಒಗ್ಗಿಸೋ ಪೆಟ್ಟಿಗೆಗೆ. ಎರಡೂ ಗೆರೆ ಮಟ್ಟದಲ್ಲಿರಬೇಕು. ಆಮೇಲೆ ಆನ್ ಮಾಡಿ, ಎಂಜಿನ್ ಎದ್ದ ಮೊದಲ ಹತ್ತು ಸೆಕೆಂಡ್ ಕಿವಿ ಕೊಟ್ಟು ಕೇಳಿ. ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಗಡಗಡ ನಡುಗಿ ಸುಮ್ಮನಾದ್ರೆ, ಅದನ್ನ ಮರೀದೆ ಇಲ್ಲಿ ಬಂದು ಹೇಳಿ.

ಇನ್ನೊಂದು: ಕಿತ್ತಳೆ ಬಣ್ಣದ ವೈರ್ ಎಲ್ಲೇ ಕಂಡರೂ ಕೈ ಹಾಕ್ಬೇಡಿ. ಅದು ಹೈ ವೋಲ್ಟೇಜ್. ನೋಡೋದಷ್ಟೇ.

ಇಪ್ಪತ್ತೆಂಟು_ಮಾಡ್ಯೂಲ್

ಬ್ಯಾಟರಿ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನನ್ನ ಹೆಸರಿನ ಗುಟ್ಟೂ ಅದೇ. ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್‌ನ ಎರಡನೇ ಮತ್ತು ಮೂರನೇ ತಲೆಮಾರಿನ ಬ್ಯಾಟರಿ ಪ್ಯಾಕ್‌ನಲ್ಲಿ 28 ಮಾಡ್ಯೂಲ್‌ಗಳಿವೆ. ಒಂದೊಂದರಲ್ಲಿ 1.2 ವೋಲ್ಟಿನ ಆರಾರು ಸೆಲ್, ಅಂದರೆ ಒಂದೊಂದೂ 7.2 ವೋಲ್ಟ್, ಎಲ್ಲ ಸರಣಿಯಲ್ಲಿ ಕೂಡಿದರೆ 201.6. ಹೀಗೆ ಸಾಲಾಗಿ ಕೈ ಹಿಡಿದು ನಿಂತವರಲ್ಲಿ ಒಬ್ಬ ಕುಸಿದರೂ ಇಡೀ ಸಾಲೇ ಕುಸಿಯುತ್ತದೆ. "ಬ್ಯಾಟರಿ ಹೋಯಿತು" ಎನ್ನುವ ಗಾಡಿಗಳಲ್ಲಿ ಎಷ್ಟೋ ಸಲ ಒಂದೋ ಎರಡೋ ಮಾಡ್ಯೂಲ್ ಮಾತ್ರ ಸತ್ತಿರುತ್ತವೆ.

ಹಾಗಿದ್ದರೆ ಅದೊಂದನ್ನೇ ಬದಲಿಸಿದರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಮಾರುವವರೂ ಮಾಡುವುದು ಅದನ್ನೇ. ಬೇರೆ ಹಳೆ ಪ್ಯಾಕಿನಿಂದ ಒಂದನ್ನು ಕಿತ್ತು ತಂದು ಸೇರಿಸುತ್ತಾರೆ. ಕೆಲವು ತಿಂಗಳು ಗಾಡಿ ಚೆನ್ನಾಗಿಯೇ ಓಡುತ್ತದೆ, ಆಮೇಲೆ ಪಕ್ಕದ್ದು ಹೋಗುತ್ತದೆ, ಅದನ್ನು ಸರಿಮಾಡಿದರೆ ಅದರ ಪಕ್ಕದ್ದು. "ಬ್ಯಾಟರಿ ಹೊಸದಾಗಿ ಮಾಡಿಸಿದ್ದೇವೆ" ಎಂದರೆ ಹೊಸ ಪ್ಯಾಕೋ ರಿಪೇರಿ ಪ್ಯಾಕೋ ಎಂದು ಬಿಲ್ ಸಮೇತ ಕೇಳಿ.

ಈ ಬ್ಯಾಟರಿಗೆ ಕಿಲೋಮೀಟರಿಗಿಂತ ದೊಡ್ಡ ಶತ್ರುಗಳು ಎರಡು: ಬಿಸಿ ಮತ್ತು ವಯಸ್ಸು. ಗಾಡಿಯ ಕಂಪ್ಯೂಟರ್ ಇದನ್ನು ಪೂರ್ತಿ ತುಂಬಿಸುವುದೂ ಇಲ್ಲ, ಪೂರ್ತಿ ಬರಿದು ಮಾಡುವುದೂ ಇಲ್ಲ, ಸುಮಾರು 40ರಿಂದ 80 ಶೇಕಡದ ಒಳಗೇ ಆಡಿಸುತ್ತದೆ. ಆದ್ದರಿಂದಲೇ ದಿನಾ ಓಡುವ ಗಾಡಿಯ ಬ್ಯಾಟರಿ ನೀವು ಅಂದುಕೊಂಡಷ್ಟು ದಣಿದಿರುವುದಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ಕಾವಲು ಇಲ್ಲ. ಸೆಲ್‌ಗಳು ತಮ್ಮಷ್ಟಕ್ಕೆ ಖಾಲಿಯಾಗುತ್ತವೆ, ಒಂದು ಬೇಗ ಒಂದು ನಿಧಾನ, ಸಮತೋಲ ತಪ್ಪುತ್ತದೆ. ನಿಮ್ಮ ಎರಡನೇ ಗಾಡಿಯ 88,000 ನಿಜವೇ ಆಗಿದ್ದರೂ ನನಗೆ ಅದು ಸಂತೋಷದ ಸಂಖ್ಯೆಯಲ್ಲ.

ಪರೀಕ್ಷೆ ಹೀಗೆ ಮಾಡಿ. ಗಾಡಿಯ ಕಂಪ್ಯೂಟರ್ ಓದಲು ಇರುವ ಒಬಿಡಿ ಪೋರ್ಟಿಗೆ ಹಾಕುವ ಸಣ್ಣ ಬ್ಲೂಟೂತ್ ಸ್ಕ್ಯಾನರ್, ಫೋನಿನಲ್ಲಿ ಹೈಬ್ರಿಡ್ ಬ್ಯಾಟರಿಯ ಬ್ಲಾಕ್‌ಗಳನ್ನು (ಮಾಡ್ಯೂಲ್‌ಗಳ ಸಣ್ಣ ಗುಂಪುಗಳನ್ನು) ತೋರಿಸುವ ಆ್ಯಪ್. ನಿಂತಾಗ ಎಲ್ಲ ಬ್ಲಾಕ್‌ಗಳ ವೋಲ್ಟೇಜ್ ಒಂದೇ ಸಮ ಕಾಣುವುದು ಸಹಜ, ಅದನ್ನು ನೋಡಿ ಖುಷಿಪಡಬೇಡಿ. ಒಂದು ಏರು ರಸ್ತೆಯಲ್ಲಿ ಆಕ್ಸಲರೇಟರ್ ಪೂರ್ತಿ ಒತ್ತಿ. ಪಕ್ಕದಲ್ಲಿ ಕೂತವರು ಫೋನ್ ನೋಡಲಿ. ಎಲ್ಲ ಬ್ಲಾಕೂ ಒಟ್ಟಿಗೇ ಇಳಿದು ಒಟ್ಟಿಗೇ ಏರಿದರೆ ಸರಿ. ಒಂದು ಮಾತ್ರ ದೊಪ್ಪನೆ ಕೆಳಗೆ ಬಿದ್ದರೆ ಅದೇ ನಿಮ್ಮ ಮುಂದಿನ ವರ್ಷದ ಖರ್ಚು. ಸ್ಕ್ಯಾನರ್ ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನ ಬ್ಯಾಟರಿ ಚಿತ್ರವನ್ನೇ ನೋಡುತ್ತಿರಿ. ಕೆಲವೇ ನಿಮಿಷದಲ್ಲಿ ತುಂಬಿ, ಅಷ್ಟೇ ಬೇಗ ಬರಿದಾಗುತ್ತಿದ್ದರೆ ಸಾಮರ್ಥ್ಯ ಕುಗ್ಗಿದೆ.

ಕಂಪ್ಯೂಟರಿನಲ್ಲಿ ದೋಷದ ಕೋಡ್ ಇಲ್ಲ ಎಂದ ಮಾತ್ರಕ್ಕೂ ನಂಬಬೇಡಿ. ಪ್ಯಾಕ್ ಬದಲಿಸಿ ಎಂದು ಹೇಳುವ ಪಿ0ಎ80 ಕೋಡನ್ನು ಒಂದು ಬಟನ್ ಒತ್ತಿ ಅಳಿಸಬಹುದು. ಆದರೆ ಅಳಿಸಿದಾಗ ರೆಡಿನೆಸ್ ಮಾನಿಟರ್‌ಗಳೂ (ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆಗಳು) ಅಳಿಸಿಹೋಗುತ್ತವೆ, ಮತ್ತೆ ತುಂಬಲು ಕೆಲವು ದಿನ ಓಡಿಸಬೇಕು. ಅವು "ಅಪೂರ್ಣ" ಎಂದು ತೋರಿಸಿದರೆ ಇತ್ತೀಚೆಗೆ ಯಾರೋ ಅಳಿಸಿದ್ದಾರೆ, ಇಲ್ಲವೇ 12 ವೋಲ್ಟ್ ಬ್ಯಾಟರಿಯ ವೈರ್ ಬಿಚ್ಚಿದ್ದಾರೆ. ಯಾಕೆ ಎಂದು ಕೇಳುವುದು ನಿಮ್ಮ ಹಕ್ಕು.

ಮೂರು_ಲಕ್ಷದಾಕೆ

ನನ್ನ ಗಾಡಿ ಕಳೆದ ತಿಂಗಳು 3,00,000 ದಾಟಿತು, ಹುಟ್ಟಿದಾಗಿನ ಬ್ಯಾಟರಿಯೇ ಇನ್ನೂ ಇದೆ. ಆದ್ದರಿಂದ ಪಕ್ಷಿಯವರೇ, ಸ್ವಲ್ಪ ತಾಳಿ.

ಆದರೆ ಒಂದು ಸಲ ಜೀವ ಬಾಯಿಗೆ ಬಂದಿತ್ತು. ಬೇಸಿಗೆ, ಏರು ದಾರಿ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನ. ಹಿಂದಿನ ಸೀಟಿನಿಂದ ಹೇರ್ ಡ್ರೈಯರ್ ಥರ ಸದ್ದು. ಬ್ಯಾಟರಿ ಹೋಯಿತೆಂದು ಅಲ್ಲೇ ಅಳು ಬಂತು. ಗ್ಯಾರೇಜಿನ ಹುಡುಗ ಹಿಂದಿನ ಸೀಟಿನ ಪಕ್ಕದ ಜಾಲರಿ ಬಿಚ್ಚಿ, ಫ್ಯಾನ್ ಹೊರಗೆ ತೆಗೆದು ನನ್ನ ಕೈಗೇ ಕೊಟ್ಟ. ರೆಕ್ಕೆಗಳ ನಡುವೆ ನಮ್ಮ ನಾಯಿಯ ಕೂದಲು ಕಂಬಳಿ ನೇಯ್ದ ಹಾಗೆ ಒತ್ತಾಗಿ ಕೂತಿತ್ತು. ತಣ್ಣಗಿನ ಗಾಳಿ ಎಳೆಯುವ ದಾರಿಯೇ ಮುಚ್ಚಿಹೋಗಿತ್ತು. ಬ್ರಷ್ ಹಾಕಿ ತೊಳೆದು ಕೂರಿಸಿದ, ಅವತ್ತಿನಿಂದ ತ್ರಿಕೋನ ಕಾಣಿಸಿಲ್ಲ.

ನೀವು ನೋಡುವ ಎರಡೂ ಗಾಡಿಯಲ್ಲಿ ಆ ಜಾಲರಿ ಮೇಲೆ ಬೆರಳು ಎಳೆದು ನೋಡಿ. ಜಾಲರಿ ಮುಂದೆ ಚೀಲ, ಜಾಕೆಟ್ ಇಟ್ಟು ಓಡಾಡಿದವರ ಗಾಡಿ ಒಳಗೆ ಬೆಂದಿರುತ್ತೆ. ಇನ್ನೂ ಒಂದು ಮಾತು. ಹನ್ನೆರಡು ವೋಲ್ಟಿನ ಪುಟ್ಟ ಬ್ಯಾಟರಿ ಸೊರಗಿದರೂ ಡ್ಯಾಶ್‌ಬೋರ್ಡ್ ಪೂರ್ತಿ ದೀಪಾಲಂಕಾರ ಆಗುತ್ತೆ, ಗಾಬರಿಯಲ್ಲಿ ದೊಡ್ಡದೇ ಹೋಯಿತು ಅಂದುಕೊಳ್ಳಬೇಡಿ.

ಪುಟ್ಟಿ_ಪರದೆ

ಅಂತೂ ಯಾರೂ ಪೇಂಟ್ ಬಗ್ಗೆ ಬಾಯಿ ಬಿಡಲಿಲ್ಲ. ಪ್ರಶ್ನೆ ಇದ್ದದ್ದೇ ಪೇಂಟಿನದು!

ನಾನು ಟಿಂಕರಿಂಗ್, ಪೇಂಟಿಂಗ್ ಎರಡೂ ಮಾಡಿದವನು, ಹೆಸರು ನೋಡಿ ಗೊತ್ತಾಗಿರಬೇಕು. ಮೊದಲ ಗಾಡಿಯ ಸುಲಿದ ಮೇಲ್ಪದರಕ್ಕೆ ಕ್ಲಿಯರ್ ಕೋಟ್ ಅಂತಾರೆ. ಬಿಸಿಲಿನ ನೇರಳಾತೀತ ಕಿರಣ ತಿಂದು ತಿಂದು ಅದು ಅಂಟು ಬಿಡುತ್ತೆ. ಛಾವಣಿ, ಬಾನೆಟ್ ಎರಡೇ ಸುಲಿದಿವೆ, ಬಾಗಿಲುಗಳು ಸರಿಯಿವೆ ಅಂದರೆ ಅದು ಬಿಸಿಲಿನದೇ ಕೆಲಸ, ಅಪಘಾತದ್ದಲ್ಲ. ಪಾಲಿಶ್ ಮಾಡಿದರೆ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಇಲ್ಲದ ಪದರಕ್ಕೆ ಹೊಳಪು ಎಲ್ಲಿಂದ ಬರಬೇಕು? ಉಜ್ಜಿ ಮತ್ತೆ ಹೊಡೆಯಲೇಬೇಕು. ಆದರೆ ಅದಕ್ಕೂ ಗಾಡಿ ಓಡುವುದಕ್ಕೂ ಸಂಬಂಧ ಇಲ್ಲ.

ಗೀರಿಗೆ ಉಗುರಿನ ಪರೀಕ್ಷೆ. ಅಡ್ಡ ಎಳೆದಾಗ ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶಿಗೆ ಹೋಗಬಹುದು. ಸಿಕ್ಕಿಕೊಂಡರೆ ಬಣ್ಣದವರೆಗೆ ಇಳಿದಿದೆ. ತಳದಲ್ಲಿ ಕಂದು ಕಂಡರೆ ಕಬ್ಬಿಣದವರೆಗೆ. ಪ್ಲಾಸ್ಟಿಕ್ ಬಂಪರಿನ ಗೀರಿಗೆ ತುಕ್ಕಿನ ಭಯವೇ ಇಲ್ಲ, ಹಾಗೇ ಬಿಡಿ.

ಡೆಂಟಿನಲ್ಲಿ ನಾನು ನೋಡೋದು ಗಾತ್ರವಲ್ಲ, ಜಾಗ. ಬಾಗಿಲ ನಡುವಿನ ಡೆಂಟ್ ಹಿಂದೆ ಗಾಜಿನ ಯಂತ್ರ ಬಿಟ್ಟರೆ ಏನಿಲ್ಲ. ಬಂಪರ್ ಮೂಲೆ ಹಿಂದೆ ರೇಡಿಯೇಟರ್, ಎಸಿ ಕಂಡೆನ್ಸರ್ ಇದಾವೆ, ಟಾರ್ಚ್ ಹಾಕಿ ಬ್ರಾಕೆಟ್ ಸೊಟ್ಟ ಆಗಿದೆಯಾ ನೋಡಿ. ಹಿಂದಿನ ಪೆಟ್ಟು? ನೀವು ಹೇಳಿದ ಥರದ ಗಾಡಿಯಲ್ಲಿ ಹಿಂದಿನ ಸೀಟಿನ ಬೆನ್ನಿಗೇ ಬ್ಯಾಟರಿ ಮಲಗಿರುತ್ತೆ. ಆದ್ದರಿಂದ ಮುಂದೆ ಹತ್ತು ಗೀರಿದ್ದರೂ ಒಪ್ಪಿಕೊಂಡೇನು, ಹಿಂದೆ ಹೊಸ ಪೇಂಟ್ ಕಂಡರೆ ಮಾತ್ರ ಮೈಯೆಲ್ಲ ಕಣ್ಣಾಗುತ್ತೇನೆ.

ಪೇಂಟ್ ದಪ್ಪ ಅಳೆಯೋ ಮೀಟರ್ ಸಿಕ್ಕರೆ ತಗೊಂಡು ಹೋಗಿ. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. 200 ದಾಟಿದರೆ ಮತ್ತೆ ಹೊಡೆದಿದ್ದಾರೆ. ಐನೂರು, ಸಾವಿರ ಬಂತು ಅಂದರೆ ಕೆಳಗೆ ನನ್ನ ಹೆಸರಿನ ಮೊದಲರ್ಧ ಕೂತಿದೆ ಅಂತ. ಅಯಸ್ಕಾಂತ ಇಟ್ಟು ನೋಡೋ ಹಳೇ ಉಪಾಯ ಇಲ್ಲಿ ಮೋಸ ಮಾಡಬಹುದು. ತೂಕ ಉಳಿಸೋಕೆ ಕೆಲವು ಹೈಬ್ರಿಡ್‌ಗಳ ಬಾನೆಟ್ ಅಲ್ಯೂಮಿನಿಯಮ್ ಮಾಡಿರ್ತಾರೆ, ಪ್ರಿಯಸ್ಸಿನದೂ ಹಾಗೇ. ಅಯಸ್ಕಾಂತ ಹಿಡಿಯಲಿಲ್ಲ ಅಂತ ಪುಟ್ಟಿ ಅಂದುಕೊಂಡು ವಾಪಸ್ ಬಂದವರನ್ನ ನೋಡಿದ್ದೇನೆ.

ಅನುಮಾನ_ಪಕ್ಷಿ

ಇಷ್ಟೆಲ್ಲ ಪರೀಕ್ಷೆ ಬೇಕಾದ ಗಾಡಿ ಯಾಕೆ ತಗೋಬೇಕು ಅಂತಲೇ ನನ್ನ ಪ್ರಶ್ನೆ. ಸ್ಕ್ಯಾನರ್, ಮೀಟರ್, ಟಾರ್ಚ್, ಬೆಳಗಿನ ಜಾವ. ಗಾಡಿ ನೋಡೋಕೋ, ಕಳ್ಳನ್ನ ಹಿಡಿಯೋಕೋ?

ಗ್ರೀಸ್_ಕೈ

ಎರಡಕ್ಕೂ ಸರ್ 😀

ಎರಡು_ಮನಸ್ಸು

ನಾಲ್ಕು ದಿನ ಆದ ಮೇಲೆ ಬರೀತಿದ್ದೇನೆ. ಮೊದಲು ಹೊಳೆಯೋ ಗಾಡಿ ನೋಡಿ ಬಂದೆ. ಬಾವ ಜೊತೆಗಿದ್ದರು, ಅವರ ಕೈಯಲ್ಲಿ ಫೋನು, ನನ್ನ ಕೈಯಲ್ಲಿ ಎರವಲು ತಂದ ಪೇಂಟ್ ಮೀಟರು.

ಬಾನೆಟ್ ಬೆಚ್ಚಗಿತ್ತು. "ಸ್ವಲ್ಪ ಮುಂಚೆ ತೊಳೆಯೋಕೆ ಅಂತ ತೆಗೆದೆ" ಅಂದರು. ಸರಿ ಅಂದುಕೊಂಡೆ. ಮುಂದಿನ ಬಾಗಿಲುಗಳ ಮೇಲೆ ಮೀಟರ್ 110, 120 ತೋರಿಸ್ತು. ಹಿಂದಿನ ಬಲ ಮೂಲೆಗೆ ಬಂದಾಗ 640. ಇನ್ನೊಂದು ಗೇಣು ಆಚೆ ಇಟ್ಟರೆ 900ರ ಮೇಲೆ. ಬಾವ ನನ್ನ ಮುಖ ನೋಡಿದರು, ನಾನು ಮಾರುವವರ ಮುಖ ನೋಡಿದೆ, ಅವರು ಗೇಟಿನ ಕಡೆ ನೋಡಿದರು.

ಡಿಕ್ಕಿ ತೆಗೆದು ಮ್ಯಾಟ್ ಎತ್ತಿದೆ. ಹೊಸ ಮ್ಯಾಟು. ಸ್ಟೆಪ್ನಿ ಎತ್ತಿದರೆ ಗುಂಡಿಯ ಸುತ್ತ ಅಂಗೈ ಎತ್ತರಕ್ಕೆ ಒಂದು ಗೆರೆ, ಬಾತ್ರೂಮಿನ ಬಕೆಟ್ಟಿನಲ್ಲಿ ಉಪ್ಪುನೀರು ನಿಂತು ಒಣಗಿದಾಗ ಆಗುತ್ತಲ್ಲ, ಹಾಗೆ. ಬೋಲ್ಟಿನ ತಲೆಗಳು ಕಂದು. ಬ್ರೇಕ್ ಪೆಡಲಿನ ರಬ್ಬರ್ ಒಂದು ಬದಿ ಸವೆದು ನುಣ್ಣಗಾಗಿದೆ, 88,000ಕ್ಕೆ ಅಷ್ಟು ಸವೆಯುತ್ತಾ? ರೆಡಿನೆಸ್ ಮಾನಿಟರ್‌ಗಳಲ್ಲಿ ನಾಲ್ಕು ಅಪೂರ್ಣ. ಬ್ಯಾಟರಿ ಪರೀಕ್ಷೆಗೆ ಏರು ರಸ್ತೆಗೆ ಹೋಗೋಣ ಅಂದಾಗ "ಪೆಟ್ರೋಲ್ ಕಡಿಮೆ ಇದೆ" ಅಂದರು.

ಇಪ್ಪತ್ತೆಂಟು_ಮಾಡ್ಯೂಲ್

ಆ ಗೆರೆಯ ಎತ್ತರ ನನ್ನನ್ನು ಹೆಚ್ಚು ಕಾಡುತ್ತದೆ. ಹಿಂದಿನ ಪೆಟ್ಟಿನ ನಂತರ ಡಿಕ್ಕಿ ಬಾಗಿಲಿನ ರಬ್ಬರ್ ಸರಿಯಾಗಿ ಕೂರದೆ ಮಳೆನೀರು ಇಳಿದಿರಬೇಕು. ನೀರು ಪ್ಯಾಕಿನೊಳಗೇ ಹೋಗಬೇಕಿಲ್ಲ. ಆ ಮುಚ್ಚಿದ ಜಾಗದಲ್ಲಿ ತಿಂಗಳುಗಟ್ಟಲೆ ತೇವ ನಿಂತರೆ ಸಾಕು, ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳು ಹಸಿರುಗಟ್ಟುತ್ತವೆ, ವೋಲ್ಟೇಜ್ ಅಳೆಯುವ ಸಣ್ಣ ವೈರುಗಳ ತುದಿ ಸವೆದುಹೋಗುತ್ತವೆ. ಆಗ ಸೆಲ್ ಚೆನ್ನಾಗಿದ್ದರೂ ಕಂಪ್ಯೂಟರಿಗೆ ತಪ್ಪು ಲೆಕ್ಕ ಹೋಗುತ್ತದೆ. ಬಿಟ್ಟುಬಿಡಿ.

ಪುಟ್ಟಿ_ಪರದೆ

ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಅಂತ ಗಾದೆ ಹೇಳಿ ಮುಗಿಸೋಣ ಅಂದುಕೊಂಡೆ. ಆದರೆ ಒಂದು ಮಾತು ಹೇಳಲೇಬೇಕು. ಹಿಂದೆ ಪುಟ್ಟಿ ಇದ್ದ ಗಾಡಿಗಳೆಲ್ಲ ಕೆಟ್ಟವಲ್ಲ. ನಾನೇ ಎಷ್ಟೋ ಮಾಡಿಕೊಟ್ಟಿದ್ದೇನೆ, ಇನ್ನೂ ಓಡ್ತಿವೆ. "ಹೌದು, ಪೆಟ್ಟಾಗಿತ್ತು, ಇಲ್ಲಿ ನೋಡಿ ಫೋಟೊ, ಇಲ್ಲಿ ನೋಡಿ ಬಿಲ್ಲು" ಅಂದಿದ್ದರೆ ಬೇರೆ ಮಾತಿತ್ತು. ಇಲ್ಲಿ ಪೆಟ್ಟು, ನೀರು, ಮೀಟರು, ಕೋಡು, ನಾಲ್ಕೂ ವಿಷಯಕ್ಕೆ ನಾಲ್ಕು ಸುಳ್ಳು.

ಅನುಮಾನ_ಪಕ್ಷಿ

ಒಂದು ಹೋಯಿತು. ಇನ್ನೊಂದೂ ಹೋಗುತ್ತೆ, ಕಾದು ನೋಡಿ.

ಎರಡು_ಮನಸ್ಸು

ಪಕ್ಷಿಯವರ ಬಾಯಲ್ಲಿ ಮಚ್ಚೆ ಇದೆಯೇನೋ.

ಇವತ್ತು ಬೆಳಿಗ್ಗೆ ಆರೂವರೆಗೆ ಸುಲಿದ ಗಾಡಿ ಹತ್ತಿರ ಹೋದೆ. ಮಾಲೀಕರು ನಿವೃತ್ತ ಮೇಷ್ಟ್ರು, ಗಾಡಿ ಮೇಲೆ ಇಬ್ಬನಿ ಹಾಗೇ ಇತ್ತು, ಬಾನೆಟ್ ಐಸು. ಬ್ಯಾಟರಿ ಮೊದಲು ಹೇಳ್ತೀನಿ: ಏರು ರಸ್ತೆಯಲ್ಲಿ ಪೂರ್ತಿ ಒತ್ತಿದಾಗ ಎಲ್ಲ ಬ್ಲಾಕೂ ಒಟ್ಟಿಗೇ ಇಳಿದವು, ಒಟ್ಟಿಗೇ ಏರಿದವು. ಬಾವ ಮೂರು ಸಲ ನೋಡಿದರು. ಜಾಲರಿ ಸ್ವಚ್ಛ. ಫೋಲ್ಡರಿನಲ್ಲಿ ಫ್ಯಾನ್ ಕ್ಲೀನ್ ಮಾಡಿಸಿದ ಬಿಲ್ಲೇ ಎರಡಿವೆ. ಮಾನಿಟರ್‌ಗಳೆಲ್ಲ ಪೂರ್ಣ. ಬಾಗಿಲ ಡೆಂಟ್ ಬಿಟ್ಟು ಎಲ್ಲ ಕಡೆ 150ರ ಒಳಗೆ.

ಆದರೆ ಎಂಜಿನ್ ಎದ್ದಾಗ ಎರಡು ಸೆಕೆಂಡ್ ಗಡಗಡ ಅಂತ ನಡುಗಿತು. ಗ್ರೀಸ್_ಕೈ ಅವರು ಹೇಳಿದ್ದರಲ್ಲ, ಡಬ್ಬದೊಳಗಿನ ಕಲ್ಲು, ಅದೇ. ಮತ್ತೆ ಎಂಜಿನ್ ಕೂಲಂಟ್ ಕೆಳಗಿನ ಗೆರೆಗಿಂತ ಬೆರಳಗಲ ಕಮ್ಮಿ. ಮೇಷ್ಟ್ರು "ಚಳಿಗೆ ಹಾಗೆ ಮಾಡುತ್ತೆ, ಒಂದು ವರ್ಷದಿಂದ ಇದೆ" ಅಂದರು. ಮುಚ್ಚಿಡಲಿಲ್ಲ. ಈಗ ಏನು ಮಾಡಲಿ?

ಗ್ರೀಸ್_ಕೈ

ಸರ್, ದುಡ್ಡು ಕೊಟ್ಟಿಲ್ಲ ತಾನೆ? ಕೊಡ್ಬೇಡಿ ಸದ್ಯಕ್ಕೆ. ಓಡಿಹೋಗಲೂ ಬೇಡಿ.

ಈ ನಡುಕಕ್ಕೆ ಎರಡು ಕಾರಣ ಇರಬಹುದು. ಹಗುರದ್ದು ಮೊದಲು: ಎಂಜಿನ್ನಿಗೆ ಗಾಳಿ ಒಯ್ಯೋ ಇಂಟೇಕ್ ಮ್ಯಾನಿಫೋಲ್ಡಲ್ಲಿ ರಾತ್ರಿಯೆಲ್ಲ ತೇವ ಕೂತು, ಎಂಜಿನ್ ಎದ್ದಾಗ ಒಂದು ಗುಟುಕು ಸಿಲಿಂಡರಿಗೆ ಹೋದರೆ ಹೀಗೆ ಕೆಮ್ಮುತ್ತೆ. ಭಾರದ್ದು: ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಗೂ ಬುಡಕ್ಕೂ ನಡುವಿನ ಸೀಲು) ಸಣ್ಣಗೆ ಬಿಟ್ಟಿದೆ, ರಾತ್ರಿ ಕೂಲಂಟ್ ಹನಿಹನಿಯಾಗಿ ಸಿಲಿಂಡರಿಗೆ ಇಳಿದಿದೆ. ಕೂಲಂಟೂ ಕಮ್ಮಿ ಅಂತೀರಿ, ಅದಕ್ಕೇ ನನಗೆ ಎರಡನೇದರ ಮೇಲೆ ಅನುಮಾನ.

ಇದಕ್ಕೆ ಮೂಲ ಬೇರೆ ಕಡೆ ಇರುತ್ತೆ. ಇಂಥ ಕೆಲವು ಎಂಜಿನ್‌ಗಳಲ್ಲಿ ಹೊಗೆಯ ಒಂದು ಪಾಲನ್ನ ತಣ್ಣಗೆ ಮಾಡಿ ವಾಪಸ್ ಎಂಜಿನ್ನಿಗೇ ಕಳಿಸೋ ಇಜಿಆರ್ ಕೂಲರ್ ಇರುತ್ತೆ. ವರ್ಷ ಕಳೆದಂತೆ ಅದರ ಸಣ್ಣ ಸಣ್ಣ ಸಂದಿಯಲ್ಲಿ ಮಸಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತೆ. ತಣ್ಣನೆ ಹೊಗೆ ಬರೋದು ನಿಲ್ಲುತ್ತೆ, ಅದೂ ಎಲ್ಲ ಸಿಲಿಂಡರಿಗೆ ಒಂದೇ ಸಮ ಅಲ್ಲ. ಉರಿಯೋ ಬಿಸಿ ಏರುತ್ತೆ, ಗ್ಯಾಸ್ಕೆಟ್ ಸಾಯುತ್ತೆ. ಮೂಲ ಬಿಟ್ಟು ಗ್ಯಾಸ್ಕೆಟ್ ಒಂದನ್ನೇ ಬದಲಿಸಿದವರು ಮತ್ತೆ ಅದೇ ಕೆಲಸಕ್ಕೆ ಬರ್ತಾರೆ. ಸರ್ವೀಸ್ ಬುಕ್ಕಲ್ಲಿ ಇಜಿಆರ್ ಕ್ಲೀನಿಂಗ್ ಬರೆದಿರೋದು ಅಪರೂಪ, ಮೇಷ್ಟ್ರದ್ದು ತಪ್ಪಿಲ್ಲ.

ಮೇಷ್ಟ್ರು ಒಪ್ಪಿದ್ರೆ ಗಾಡಿ ಒಂದು ರಾತ್ರಿ ಗ್ಯಾರೇಜಲ್ಲಿ ಬಿಡಿಸಿ. ಕೂಲಂಟ್ ವ್ಯವಸ್ಥೆಗೆ ಪಂಪಲ್ಲಿ ಪ್ರೆಶರ್ ಕೊಟ್ಟು ಬೆಳಿಗ್ಗೆ ತನಕ ಬಿಡೋದು. ಪ್ರೆಶರ್ ಮೀಟರಿನ ಮುಳ್ಳು ಇಳಿದಿದ್ರೆ ಎಲ್ಲೋ ಸೋರ್ತಿದೆ. ಬೆಳಿಗ್ಗೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಣ್ಣ ಕ್ಯಾಮರಾ ಇಳಿಸಿ ಪಿಸ್ಟನ್ ತಲೆ ನೋಡೋದು. ಎಲ್ಲ ಒಂದೇ ಥರ ಮಸಿಮಸಿಯಾಗಿದ್ರೆ ಒಳ್ಳೇದು. ಒಂದು ಮಾತ್ರ ತೊಳೆದ ಪಾತ್ರೆ ಥರ ಲಕಲಕ ಹೊಳೀತಿದ್ರೆ, ಅದನ್ನ ತೊಳೆದದ್ದು ಕೂಲಂಟಿನ ಹಬೆ.

ಮೂರು_ಲಕ್ಷದಾಕೆ

ಪೇಂಟ್ ಹೊಳೆದರೂ ಭಯ, ಪಿಸ್ಟನ್ ಹೊಳೆದರೂ ಭಯ ಅನ್ನಿ.

ಅನುಮಾನ_ಪಕ್ಷಿ

ಇಜಿಆರ್ ಇಲ್ಲದ ಹಳೇ ತಲೆಮಾರಿನ ಗಾಡಿ ಹುಡುಕಲಿ ಹಾಗಾದರೆ. ಪ್ರಿಯಸ್ಸಿನಲ್ಲೇ 2009ಕ್ಕೆ ಮೊದಲಿನ ತಲೆಮಾರಿಗೆ ಈ ತಲೆನೋವಿರಲಿಲ್ಲ ಅಂತಾರೆ.

ಇಪ್ಪತ್ತೆಂಟು_ಮಾಡ್ಯೂಲ್

ಇರಲಿಲ್ಲ, ನಿಜ. ಆದರೆ ಆ ಗಾಡಿಗಳಿಗೆ ಈಗ ಎಷ್ಟು ವಯಸ್ಸು ಲೆಕ್ಕ ಹಾಕಿ. ಎಂಜಿನ್ ಚಿಂತೆ ಬಿಟ್ಟು ಬ್ಯಾಟರಿ ಚಿಂತೆ ಕೊಂಡುಕೊಂಡಂತೆ. ಪ್ರತಿಯೊಂದು ತಲೆಮಾರಿಗೂ ಅದರದೇ ದುರ್ಬಲ ಜಾಗವಿದೆ. 2014ರ ಫೆಬ್ರುವರಿಯಲ್ಲಿ ಇನ್ವರ್ಟರ್ ಸಾಫ್ಟ್‌ವೇರ್‌ಗಾಗಿ ಸುಮಾರು 19 ಲಕ್ಷ ಪ್ರಿಯಸ್‌ಗಳನ್ನು ಕಂಪನಿಯೇ ವಾಪಸ್ ಕರೆದಿತ್ತು. ಯಾವ ಮಾದರಿಯೇ ಆಗಲಿ, ಚಾಸಿ ನಂಬರ್ ಹಾಕಿ ಇಂಥ ರೀಕಾಲ್ ಕೆಲಸ ಬಾಕಿಯಿದೆಯೇ ಎಂದು ವಿಚಾರಿಸುವುದಕ್ಕೆ ಕಾಸು ಖರ್ಚಿಲ್ಲ.

ಗ್ರೀಸ್_ಕೈ

ಅದರ ಜೊತೆಗೆ ಎಸಿ ಬಗ್ಗೆನೂ ಕೇಳಿ ಸರ್, ಹೇಳೋದು ಮರೆತಿದ್ದೆ. ಇಂಥ ಗಾಡಿಯಲ್ಲಿ ಎಸಿ ಕಂಪ್ರೆಸರ್ ಹೈ ವೋಲ್ಟೇಜ್ ಮೋಟರಿನದು, ಅದಕ್ಕೆ ಕರೆಂಟ್ ಹರಿಯದ ಬೇರೆ ಎಣ್ಣೆನೇ ಬೇಕು. ಯಾರೋ ಮಾಮೂಲಿ ಗಾಡಿಯ ಎಸಿ ಎಣ್ಣೆ ಹಾಕಿ ಗ್ಯಾಸ್ ತುಂಬಿಸಿದ್ರೆ ಇನ್ಸುಲೇಷನ್ ಹೋಗಿ, ಹೈ ವೋಲ್ಟೇಜ್ ಲೀಕ್ ಅಂತ ಗಾಡಿನೇ ಮುಂದೆ ಹೋಗಲ್ಲ ಅನ್ನುತ್ತೆ. ಬಿಲ್ಲಲ್ಲಿ ಎಸಿ ಕೆಲಸ ಇದ್ರೆ ಎಲ್ಲಿ ಮಾಡಿಸಿದ್ದು ಕೇಳಿ.

ಎರಡು_ಮನಸ್ಸು

ಮೇಷ್ಟ್ರು ಒಪ್ಪಿದರು. "ನನಗೂ ತಿಳಿಯಲಿ" ಅಂತ ತಾವೇ ಗ್ಯಾರೇಜಿಗೆ ಬಂದು ಸ್ಟೂಲ್ ಹಾಕಿಕೊಂಡು ಕೂತರು.

ರಾತ್ರಿ ಪ್ರೆಶರ್ ಕೊಟ್ಟು ಬಿಟ್ಟದ್ದು ಬೆಳಿಗ್ಗೆ ನೋಡಿದರೆ ಮುಳ್ಳು ಸ್ವಲ್ಪ ಇಳಿದಿತ್ತು. ನನ್ನೆದೆಯೂ ಇಳಿಯಿತು. ಮೆಕ್ಯಾನಿಕ್ ಮಾತಾಡದೆ ಕ್ಯಾಮರಾ ಇಳಿಸಿದರು. ನಾಲ್ಕೂ ಪಿಸ್ಟನ್ ಒಂದೇ ಥರ ಕಪ್ಪು, ಒಣಗಿದ ಮಸಿ, ಎಲ್ಲೂ ಹೊಳಪಿಲ್ಲ. ಹಾಗಿದ್ದರೆ ಕೂಲಂಟ್ ಎಲ್ಲಿ ಹೋಗ್ತಿದೆ? ಟಾರ್ಚ್ ಹಿಡಿದು ಅರ್ಧ ಗಂಟೆ ಹುಡುಕಿ ವಾಟರ್ ಪಂಪಿನ ಬುಡ ತೋರಿಸಿದರು. ಗುಲಾಬಿ ಬಣ್ಣದ ಒಣ ಕಲೆ, ಗೋಡೆ ಮೇಲೆ ಪಾನಕ ಚೆಲ್ಲಿ ಒಣಗಿದ ಹಾಗೆ, ಅದರ ತುದಿಯಲ್ಲಿ ಒಂದೇ ಒಂದು ಹಸಿ ಹನಿ. ಸೋರಿಕೆ ಅಲ್ಲಿಂದ.

ಇಜಿಆರ್ ಕೊಳವೆ ಬಿಚ್ಚಿ ನೋಡಿದರೆ ಬೆರಳು ತೂರುವ ಜಾಗದಲ್ಲಿ ಪೆನ್ಸಿಲ್ ತೂರುವಷ್ಟೇ ದಾರಿ ಉಳಿದಿತ್ತು. ಮೇಷ್ಟ್ರು ಕನ್ನಡಕ ತೆಗೆದು ಅದನ್ನೇ ನೋಡ್ತಾ "ಹನ್ನೆರಡು ವರ್ಷ ಆಯಿಲ್ ಬದಲಿಸಿದ್ದೇನೆ, ಇದರ ಹೆಸರೇ ಯಾರೂ ಹೇಳಲಿಲ್ಲ" ಅಂದರು.

ಪಂಪು, ಕೂಲರ್ ಬಿಚ್ಚಿ ತೊಳೆಯೋದು, ಮ್ಯಾನಿಫೋಲ್ಡ್ ಕ್ಲೀನಿಂಗ್, ಇಷ್ಟರ ಅಂದಾಜು ಬರೆಸಿಕೊಂಡು ಅದನ್ನು ಬೆಲೆಯಲ್ಲಿ ಕಳೆದುಕೊಟ್ಟರು. ನಿನ್ನೆ ಗಾಡಿ ಮನೆಗೆ ಬಂತು.

ಅನುಮಾನ_ಪಕ್ಷಿ

ಆಯ್ತು. ಆರು ತಿಂಗಳು ಬಿಟ್ಟು ಇಲ್ಲೇ ಬರೆಯಿರಿ, ನಡುಕ ಇದೆಯೋ ಇಲ್ಲವೋ ಅಂತ. ನಾನು ಎಲ್ಲೂ ಹೋಗಲ್ಲ.

ಗ್ರೀಸ್_ಕೈ

ಪಕ್ಷಿ ಹೇಳಿದ್ದು ನ್ಯಾಯ. ಗ್ಯಾಸ್ಕೆಟ್ ಇವತ್ತು ಚೆನ್ನಾಗಿದೆ ಅಂದ್ರೆ ನಾಳೆಗೂ ಅಂತಲ್ಲ, ಎಷ್ಟು ದಿನ ಬಿಸಿ ಉಂಡಿದೆಯೋ ಗೊತ್ತಿಲ್ಲ. ಕೂಲಂಟ್ ಡಬ್ಬಕ್ಕೆ ಮಾರ್ಕರಲ್ಲಿ ಗೆರೆ ಎಳೆದು ತಾರೀಖು ಬರೆದಿಡಿ. ವಾರಕ್ಕೊಂದು ಸಲ, ತಣ್ಣಗಿದ್ದಾಗ, ಅದೇ ಜಾಗದಲ್ಲಿ ನಿಲ್ಲಿಸಿ ನೋಡಿ.

ಎರಡು_ಮನಸ್ಸು

ಗೆರೆ ಎಳೆದಾಯ್ತು. ಪುಟ್ಟಿ_ಪರದೆ ಅವರೇ, ಈಗ ನಿಮ್ಮ ಸರದಿ. ಸುಲಿದದ್ದಕ್ಕೆ ಮೇಲಿಂದ ಸ್ಟಿಕ್ಕರ್ ಥರ ರ‍್ಯಾಪ್ ಅಂಟಿಸಿಬಿಡಲಾ? ಮನೆಯವಳು ಇನ್ನೂ ಗಾಡಿ ಕಡೆ ಓರೆಗಣ್ಣಲ್ಲೇ ನೋಡ್ತಾಳೆ.

ಪುಟ್ಟಿ_ಪರದೆ

ಸುಲೀತಿರೋ ಗೋಡೆಗೆ ವಾಲ್‌ಪೇಪರ್ ಅಂಟಿಸಿದ ಹಾಗೆ ಆಗುತ್ತೆ. ರ‍್ಯಾಪ್ ಹಿಡಿಯೋದು ಕ್ಲಿಯರ್ ಕೋಟನ್ನ, ಅದು ಎದ್ದು ಬಂದರೆ ರ‍್ಯಾಪೂ ಅದರ ಜೊತೆ ಎದ್ದು ಬರುತ್ತೆ.

ಛಾವಣಿ ಮೊದಲು ಮಾಡಿ, ಬಾನೆಟ್ ಕಾಯಲಿ. ನಿಮ್ಮ ಬಾನೆಟ್ಟಿಗೆ ಅಯಸ್ಕಾಂತ ಇಟ್ಟು ನೋಡಿ. ಹಿಡಿಯಲಿಲ್ಲ ಅಂದರೆ ಅಲ್ಯೂಮಿನಿಯಮ್, ಕೆಂಪು ತುಕ್ಕು ಬರಲ್ಲ. ಛಾವಣಿ ಉಕ್ಕಿನದು, ಬಣ್ಣದ ಪದರವೂ ತೆಳುವಾಗಿ ಒಂದು ಕಡೆ ಒಡೆದರೆ ಅಲ್ಲಿಂದ ಶುರು. ಸುಲಿದ ಅಂಚನ್ನ ನೀರು ಹಾಕಿ ಸಣ್ಣ ಉಪ್ಪುಕಾಗದದಲ್ಲಿ ಇಳಿಜಾರಾಗಿ ಉಜ್ಜಬೇಕು, ಬೆರಳು ಎಳೆದರೆ ಮೆಟ್ಟಿಲು ಗೊತ್ತಾಗಬಾರದು. ಬಣ್ಣ ಹೊಡೆದು, ಮೇಲೆ ಹಾರ್ಡನರ್ ಬೆರೆಸೋ ಕ್ಲಿಯರ್. ಬರೀ ಸ್ಪ್ರೇ ಡಬ್ಬದ ಕ್ಲಿಯರ್ ಹೊಡೆದರೆ ಮುಂದಿನ ಬೇಸಿಗೆಗೆ ಮತ್ತೆ ನನ್ನ ಹತ್ತಿರ ಬರ್ತೀರಿ. ಹಾರ್ಡನರ್ ಹೊಡೆಯುವಾಗ ಸರಿಯಾದ ಮಾಸ್ಕ್ ಬೇಕು, ಮೂಗಿಗೆ ಕರ್ಚೀಫ್ ಕಟ್ಟಿಕೊಳ್ಳೋ ಕೆಲಸ ಅಲ್ಲ. ಹೊಡೆಯೋದು ಗೊತ್ತಿರೋರಿಗೇ ಬಿಡಿ, ಉಜ್ಜೋದು ನೀವೇ ಉಜ್ಜಿ, ಕೂಲಿ ಉಳಿಯುತ್ತೆ.

ಬಾಗಿಲ ಡೆಂಟಿನಲ್ಲಿ ಪೇಂಟ್ ಒಡೆದಿದೆಯಾ ನೋಡಿ, ಒಡೆದಿರಲಿಕ್ಕಿಲ್ಲ. ಹಾಗಿದ್ದರೆ ಒಳಗಿಂದ ಒತ್ತಿ ತೆಗೀಬಹುದು, ಪುಟ್ಟಿ ಬೇಡ. ತೆಗೀದಿದ್ದರೂ ನಡೆಯುತ್ತೆ.

ಮೂರು_ಲಕ್ಷದಾಕೆ

ಡೆಂಟು, ಪೇಂಟು ಎಲ್ಲ ಆಮೇಲೆ. ಇಷ್ಟು ದೊಡ್ಡ ಬ್ಯಾಟರಿಯ ಜಾತಕ ಪೂರ್ತಿ ತೆಗೆದಿರಲ್ಲ, ಡಿಕ್ಕಿ ಮೂಲೆಯ ಹನ್ನೆರಡು ವೋಲ್ಟಿನದು ಯಾವ ವರ್ಷದ್ದು ಅಂತ ನೋಡಿದ್ರಾ?

ಎರಡು_ಮನಸ್ಸು

ಇಲ್ಲ. ಈಗ ಹೋಗಿ ಟಾರ್ಚ್ ಹಾಕಿ ನೋಡಿಕೊಂಡು ಬಂದೆ. ಸ್ಟಿಕ್ಕರಿನ ಮೇಲಿನ ತಾರೀಖು ಏಳು ವರ್ಷ ಹಿಂದಿನದು. ನಾಳೆ ಬೆಳಿಗ್ಗೆ ಮೊದಲು ಅದೇ ಕೆಲಸ.